ಬೀಗದ ಕೈ ಇಟ್ಟುಕೊಳ್ಳದ ನೆರೆಯವರು

ಅವರ ಎಡಗೈಯಲ್ಲಿ ಉಳಿದಿದ್ದದ್ದು ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ. ಮಿಕ್ಕ ಮೂರರ ಜಾಗದಲ್ಲಿ ಚರ್ಮ ಗಂಟುಗಟ್ಟಿ ನುಣ್ಣಗೆ ಹೊಳೆಯುತ್ತಿತ್ತು. ಆ ಎರಡು ಬೆರಳಲ್ಲೇ ಹಿಡಿಯಿಲ್ಲದ ಪುಟ್ಟ ಬಟ್ಟಲನ್ನು ಎತ್ತಿ, ಸಕ್ಕರೆಯ ತುಂಡನ್ನು ಕಾಫಿಯಲ್ಲಿ ಅದ್ದಿ ಕಚ್ಚಿ, ಎರಡು ಗುಟುಕಿನ ಕಾಫಿಯನ್ನು ಮುಕ್ಕಾಲು ಗಂಟೆ ಕುಡಿಯುತ್ತಿದ್ದರು. ನಮ್ಮ ಫಿಲ್ಟರ್ ಕಾಫಿ ಕೊಟ್ಟರೆ ಮರ್ಯಾದೆಗೆ ಕುಡಿದು, "ಚೆನ್ನಾಗಿದೆ, ಮಕ್ಕಳಿಗೆ ಕೊಡೋ ಹಾಲು" ಎನ್ನುತ್ತಿದ್ದರು.

ನಾವು ಶಿಕಾಗೊ ಹತ್ತಿರದ ಬೋಲಿಂಗ್‌ಬ್ರೂಕಿನಲ್ಲಿ ಮನೆ ಕೊಂಡಾಗ ಪಕ್ಕದ ಮನೆಯಲ್ಲಿ ಅವರೊಬ್ಬರೇ ಇದ್ದರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಿ ರಿಟೈರ್ ಆದವರು ಎಂದು ತಿಳಿದ ಕೂಡಲೇ ನನ್ನ ಗಂಡ, "ಕೈ ಅಲ್ಲೇ ಸಿಕ್ಕಾಕೊಂಡಿರ್ಬೇಕು ಬಿಡು" ಎಂದು ತೀರ್ಪು ಕೊಟ್ಟರು. ನನ್ನ ಗಂಡನ ಹತ್ತಿರ ಎಲ್ಲದಕ್ಕೂ ಒಂದು ತೀರ್ಪು ತಯಾರಿರುತ್ತದೆ.

ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ. ಅಮೆರಿಕದವರನ್ನು ಹಾಗೆ ಕರೆದರೆ ಬೆಚ್ಚಿಬೀಳುತ್ತಾರೆ. ಇವರು ಮಾತ್ರ ಸಂತೋಷಪಟ್ಟರು, ತಮ್ಮ ಊರಲ್ಲೂ ದೊಡ್ಡವರನ್ನು ಹಾಗೇ ಕರೆಯುತ್ತಿದ್ದರಂತೆ. ಊರು ಬೋಸ್ನಿಯಾದ ಸರಾಯೆವೊ. ಅಲ್ಲಿ ಟ್ರಾಮ್ ಓಡಿಸುತ್ತಿದ್ದರು. ಅವರ ಇಂಗ್ಲಿಷಿನಲ್ಲಿ ವ್ಯಾಕರಣಕ್ಕಿಂತ ಕೈಸನ್ನೆ ಜಾಸ್ತಿ, ಆದರೆ ಅರ್ಥವಾಗದೆ ಹೋಗಿದ್ದು ಒಂದೂ ಇಲ್ಲ. ಹಿಮ ಬಿದ್ದ ಬೆಳಗ್ಗೆ ನಾವು ಏಳುವ ಮೊದಲೇ ನಮ್ಮ ಡ್ರೈವ್‌ವೇ ಗುಡಿಸಿಟ್ಟಿರುತ್ತಿದ್ದರು. ಥ್ಯಾಂಕ್ಸ್ ಅಂದರೆ ಮುಖ ಗಂಟಿಕ್ಕುತ್ತಿದ್ದರು. "ಪಕ್ಕದ ಮನೆಯವನಿಗೆ ಥ್ಯಾಂಕ್ಸ್ ಹೇಳ್ತಾರಾ? ಅಂಗಡಿಯವನಿಗೆ ಹೇಳು."

ಇಂಥವರು ಒಂದು ವಿಷಯದಲ್ಲಿ ಮಾತ್ರ ನನಗೆ ಮುಖಕ್ಕೆ ಹೊಡೆದಂತೆ ಹೇಳಿದರು. ಮೊದಲ ಸಲ ಮೈಸೂರಿಗೆ ಹೊರಟಾಗ ಮನೆಯ ಬೀಗದ ಕೈ ಹಿಡಿದು ಅವರ ಬಾಗಿಲಿಗೆ ಹೋಗಿದ್ದೆ. ಪಕ್ಕದ ಮನೆಯಲ್ಲಿ ಕೀ ಕೊಟ್ಟು ಊರಿಗೆ ಹೋಗುವುದು ನಮ್ಮಲ್ಲಿ ಇದ್ದದ್ದೇ ತಾನೇ. ಅವರು ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಕೀ ಬೇಡ."

"ಕರಿಬೇವಿನ ಗಿಡಕ್ಕೆ ನೀರು ಹಾಕ್ಬೇಕಿತ್ತು ಅಂಕಲ್, ಅಷ್ಟೇ."

"ಗಿಡ ಇಲ್ಲಿಗೆ ತಾ. ಯಾರ ಮನೆ ಕೀನೂ ನಾನು ಇಟ್ಕೊಳ್ಳಲ್ಲ."

ನನಗೆ ಅವಮಾನವಾಯಿತು. ಒಂದು ಕೀ ಇಟ್ಟುಕೊಳ್ಳುವುದಕ್ಕೆ ಇವರಿಗೇನು ಧಾಡಿ ಎಂದು ಗೊಣಗುತ್ತಾ ಕುಂಡ ಹೊತ್ತು ಕೊಟ್ಟೆ. ಊರಿಂದ ಬಂದು ನೋಡಿದರೆ ಕರಿಬೇವು ಹೊಸ ಚಿಗುರು ಬಿಟ್ಟು ನಿಂತಿತ್ತು, ನನ್ನ ಕೈಯಲ್ಲಿ ಅದು ಎಂದೂ ಹಾಗಿರಲಿಲ್ಲ. ಅಮ್ಮ ಕಟ್ಟಿಕೊಟ್ಟ ಕೋಡುಬಳೆಯ ಡಬ್ಬ ಅವರ ಮುಂದಿಟ್ಟು ನೇರವಾಗಿ ಕೇಳಿಯೇಬಿಟ್ಟೆ. ಅವರು ಕಾಫಿಗೆ ನೀರಿಟ್ಟು ಹೇಳತೊಡಗಿದರು.

ಸರಾಯೆವೊದಲ್ಲಿ ಅವರ ಫ್ಲ್ಯಾಟ್ ನಾಲ್ಕನೇ ಮಹಡಿಯಲ್ಲಿತ್ತು. ಎದುರು ಬಾಗಿಲಿನವನು ಜೀವದ ಗೆಳೆಯ, ಅವನೂ ಟ್ರಾಮ್ ಡ್ರೈವರ್. ಇವರು ಮುಸ್ಲಿಮರು, ಅವನು ಸೆರ್ಬ್, ಅಂದರೆ ಆರ್ಥಡಾಕ್ಸ್ ಕ್ರೈಸ್ತ. ಆ ಮಹಡಿಯಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಮಕ್ಕಳಿಲ್ಲದ ಇವರಿಗೆ ಗೆಳೆಯನ ಮಗಳೇ ಮಗಳು. ಟ್ರಾಮಿನಲ್ಲಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಂಟೆ ಹೊಡೆಸುತ್ತಿದ್ದರು. ಯಾರು ಊರು ಬಿಟ್ಟರೂ ಎದುರು ಮನೆಗೆ ಬೀಗದ ಕೈ ಕೊಟ್ಟು ಹೋಗುವುದು ಎರಡೂ ಮನೆಗಳ ರೂಢಿ. ತೊಂಬತ್ತರ ದಶಕದ ಮೊದಲಲ್ಲಿ, ಒಂದು ಏಪ್ರಿಲ್ ತಿಂಗಳು, ಗೆಳೆಯ ಕೀ ತಂದು ಕೊಟ್ಟ. "ಹೆಂಡ್ತಿ ತಾಯಿ ಮನೇಗೆ ಹೋಗ್ಬರ್ತೀವಿ. ಭಾನುವಾರ ಬಂದ್ಬಿಡ್ತೀವಿ. ನಿಂಬೆ ಗಿಡಕ್ಕೆ ನೀರು ಹಾಕ್ತಿರು." ಆ ವಾರವೇ ಸುತ್ತಲಿನ ಗುಡ್ಡಗಳ ಮೇಲಿಂದ ಸೆರ್ಬ್ ಸೇನೆಯ ಫಿರಂಗಿಗಳು ಊರಿನ ಮೇಲೆ ಗುಂಡು ಸುರಿಸತೊಡಗಿದವು. ಎಲ್ಲ ದಾರಿಯೂ ಮುಚ್ಚಿತು. ಅದು ಮತ್ತೆ ಸರಿಯಾಗಿ ತೆರೆಯಲು ಮೂರು ವರ್ಷಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ಕರೆಂಟಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಊರ ಇನ್ನೊಂದು ತುದಿಯ ಬುಗ್ಗೆಯಿಂದ ಕ್ಯಾನಿನಲ್ಲಿ ನೀರು ಹೊತ್ತು, ಗುಂಡು ಹಾರುವ ಅಡ್ಡರಸ್ತೆಗಳನ್ನು ಓಡಿ ದಾಟಿ, ನಾಲ್ಕು ಮಹಡಿ ಹತ್ತಿ ತರಬೇಕು. ಆ ನೀರಿನಲ್ಲಿ ಒಂದು ಲೋಟ ಗೆಳೆಯನ ನಿಂಬೆ ಗಿಡಕ್ಕೆ. ಹೆಂಡತಿ ಬೈದರೆ, "ಅವನು ಬಂದಾಗ ಗಿಡ ಒಣಗಿದ್ರೆ ಯಾವ ಮುಖ ತೋರಿಸ್ಲಿ?" ಎನ್ನುತ್ತಿದ್ದರಂತೆ. ಪಾಪ, ಅವನು ಎಲ್ಲೋ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ ಎಂದೇ ನಂಬಿದ್ದರು. ಬೇಸಿಗೆಯಲ್ಲಿ ನೀರಿಗೆ ನಿಂತ ಸಾಲಿನ ಪಕ್ಕ ಶೆಲ್ ಬಿತ್ತು. ಬೆರಳು ಹೋದದ್ದು ಅಲ್ಲಿ. ಕೈಗೆ ಕಟ್ಟಿದ ಬಟ್ಟೆ ಬಿಚ್ಚುವ ಮೊದಲೇ ಮತ್ತೆ ಗಿಡಕ್ಕೆ ನೀರು ಹಾಕಲು ಹೋದರಂತೆ. ಕೇಳುತ್ತಾ ನನಗೆ ಅಳುವಿಗಿಂತ ಸಿಟ್ಟು ಬಂತು. ಇಷ್ಟು ನಂಬುತ್ತಾರೆಯೇ ಒಬ್ಬನನ್ನು?

"ಆಮೇಲೆ ಚಳಿಗಾಲ ಬಂತು," ಎಂದರು. "ಅವನ ಕೋಟು ಹಾಕ್ಕೊಂಡ್ರೆ ಅವನೇನೂ ಅನ್ನಲ್ಲ ಅಂತ ಕಪಾಟು ತೆಗೆದೆ. ಖಾಲಿ. ಅವನ ಕೋಟು, ಅವನ ಹೆಂಡ್ತೀದು, ಮಗೂದು, ದಪ್ಪ ಬೂಟುಗಳು, ಒಂದೂ ಇಲ್ಲ. ಏಪ್ರಿಲ್‌ನಲ್ಲಿ ಎರಡು ದಿನಕ್ಕೆ ಹೋಗೋರು ಚಳಿಗಾಲದ ಕೋಟು ಹೊತ್ಕೊಂಡು ಹೋಗ್ತಾರಾ ಮಗಳೇ?"

ಅವರೇ ಬಟ್ಟಲಿಗೆ ಇನ್ನಷ್ಟು ಕಾಫಿ ಬಗ್ಗಿಸಿಕೊಂಡರು.

"ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕೀ ಕೊಟ್ಟ. ಅವನು ಸೆರ್ಬ್ ಅಂತಲ್ಲ. ಕೆಳಗಿನ ಮನೆ ಸೆರ್ಬ್ ಮುದುಕಿ ಊರು ಬಿಡದೆ ನಮ್ಮ ಜೊತೆಗೇ ಉಪವಾಸ ಬಿದ್ಲು. ಶೆಲ್ ಹಾಕಿದವರು ನನಗೆ ಯಾರೂ ಅಲ್ಲ. ಇವನು ನನ್ನ ಗೆಳೆಯ. ಒಂದು ಮಾತು ಹೇಳ್ಬೋದಿತ್ತು."

ಅಂದೇ ಆ ಕಪಾಟನ್ನು ಒಡೆದು ಒಲೆಗೆ ಹಾಕಿದರಂತೆ. ಗಿಡಕ್ಕೆ ನೀರು ನಿಲ್ಲಿಸಿದರಂತೆ. "ಗಿಡ ಏನು ತಪ್ಪು ಮಾಡಿತ್ತು? ಆದ್ರೂ ನಿಲ್ಲಿಸಿದೆ" ಎಂದು ಎದ್ದು ಬಟ್ಟಲು ತೊಳೆಯಲು ಹೋದರು.

ಕೆಲವು ವರ್ಷ ಆ ಮಾತು ಮತ್ತೆ ಬರಲಿಲ್ಲ. ಒಂದು ದಿನ ಶಿಕಾಗೊದಲ್ಲಿ ಅವರ ಊರಿನವರ ಮಾಂಸದ ಅಂಗಡಿಗೆ ಹೋಗಿ ಬಂದವರು ನೇರ ನಮ್ಮ ಮನೆಗೆ ಬಂದರು, ಕೈಯಲ್ಲಿ ಇನ್ನೂ ಚೀಲ ಇತ್ತು. ಗೆಳೆಯ ಬದುಕಿದ್ದಾನೆ, ಮಿಷಿಗನ್ನಿನ ಲಿವೋನಿಯಾದಲ್ಲಿ ಮಗಳ ಜೊತೆ ಇದ್ದಾನೆ ಎಂದು ಅಂಗಡಿಯಲ್ಲಿ ಯಾರೋ ಹೇಳಿದ್ದರು.

"ನೀನು ಕೆಲಸಕ್ಕೆ ಅಂತ ಡಿಯರ್‌ಬಾರ್ನ್‌ಗೆ ಡ್ರೈವ್ ಮಾಡ್ತೀಯಲ್ಲ. ಲಿವೋನಿಯಾ ಅಲ್ಲೇ ಪಕ್ಕದಲ್ಲಿ ಅಲ್ವಾ?"

"ಮೂವತ್ತು ವರ್ಷದ ಹಳೇ ಜಗಳ ಕಣೇ, ನೀನ್ಯಾಕೆ ತಲೆ ಹಾಕ್ತೀಯಾ?" ಎಂದರು ನನ್ನ ಗಂಡ. ನಾನು ತಲೆ ಹಾಕಿದೆ. ಮುಂದಿನ ಟ್ರಿಪ್ಪಿನಲ್ಲಿ ಅವರನ್ನು ಕೂರಿಸಿಕೊಂಡು ಹೊರಟೆ. ಇಸ್ತ್ರಿ ಮಾಡಿದ ಶರ್ಟು, ಕೋಟು, ಮಡಿಲಲ್ಲಿ ಸ್ವೀಟಿನ ಡಬ್ಬ. ಮಿಷಿಗನ್ ಬೋರ್ಡು ಕಂಡ ಮೇಲೆ ಹೇಳಿದರು, "ಅವನು ಸಾರಿ ಕೇಳೋದು ಬೇಡ. 'ನನಗೆ ಗೊತ್ತಿತ್ತು' ಅಂದ್ರೆ ಸಾಕು. ಅಷ್ಟು ಕೇಳಿಸ್ಕೊಂಡು ಎದ್ದು ಬರ್ತೀನಿ."

ಬಾಗಿಲು ತೆಗೆದದ್ದು ಆ ಮಗಳು. ನಲವತ್ತರ ಹತ್ತಿರದ ಹೆಂಗಸು, ಆಸ್ಪತ್ರೆಯಲ್ಲಿ ನರ್ಸ್. ಇವರನ್ನು ತಬ್ಬಿ ಬಿಡಲೇ ಇಲ್ಲ. ಒಳಗೆ ಸೋಫಾದಲ್ಲಿದ್ದ ಗೆಳೆಯ ಕಷ್ಟಪಟ್ಟು ಎದ್ದು, ಅತ್ತು, ಎರಡೂ ಕೆನ್ನೆಗೆ ಮುತ್ತಿಟ್ಟ. ಆ ಅಳು ನಾಟಕ ಎಂದು ನಾನು ಹೇಳಲಾರೆ. ನನಗೂ ಅರ್ಥವಾಗಲಿ ಎಂದು ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡಿದರು. ಹಳೆಯ ಡಿಪೋ, ಸತ್ತವರು, ಬದುಕಿದವರು, ಮೊಮ್ಮಕ್ಕಳು. ಅಂಕಲ್ ಕಾಯುತ್ತಿದ್ದರು. ಕೊನೆಗೆ ಗೆಳೆಯನ ಕಡೆ ಬಾಗಿ, "ನಿನ್ನ ಒಂದು ಮಾತು ಕೇಳ್ಬೇಕು" ಎನ್ನುವ ಹೊತ್ತಿಗೆ ಮಗಳು ಕಾಫಿ ತಂದಿಟ್ಟು ಇವರ ಕಾಲ ಬಳಿಯೇ ಕಾರ್ಪೆಟ್ಟಿನ ಮೇಲೆ ಕೂತಳು.

"ಮೊದಲು ನಾನು ಕೇಳ್ತೀನಿ," ಎಂದಳು. "ಚಿಕ್ಕವಳಾಗಿದ್ದಾಗಿಂದ ಕೇಳ್ಬೇಕು ಅನ್ಕೊಂಡಿದೀನಿ. ನಮ್ಮ ಜೊತೆ ಬಂದ್ಬಿಡಿ ಅಂತ ಅಪ್ಪ ಅಷ್ಟೊಂದು ಬೇಡ್ಕೊಂಡ್ರಂತಲ್ಲ. ನೀವು ಯಾಕೆ ಬರ್ಲಿಲ್ಲ? ಬಂದಿದ್ರೆ ಈ ಕೈ ಹೀಗಾಗ್ತಿತ್ತಾ?" ಆ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು.

ನಾನು ಗೆಳೆಯನ ಮುಖ ನೋಡಿದೆ. ಅವನು ಕಿಟಕಿಯ ಕಡೆ ನೋಡುತ್ತಿದ್ದ. ಹೇಳಿ ಅಂಕಲ್, ಈಗ ಹೇಳಿಬಿಡಿ ಎಂದು ಮನಸ್ಸಿನಲ್ಲೇ ಕೂಗಿಕೊಂಡೆ. ಅವರು ಅವಳ ತಲೆ ಸವರಿದರು.

"ನಾನು ಮೊಂಡ, ಮಗಳೇ. ನಿಮ್ಮಪ್ಪ ಎಷ್ಟು ಹೇಳಿದ್ರೂ ಕೇಳಲಿಲ್ಲ."

ಅಷ್ಟಕ್ಕೇ ಅವನು ಸುಮ್ಮನಿದ್ದಿದ್ದರೆ ನಾನು ಹೇಗೋ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಸುಮ್ಮನಿರಲಿಲ್ಲ. ಒಂದು ಉಸಿರು ಬಿಟ್ಟು, ನಕ್ಕು, "ಮೊದಲಿಂದಲೂ ಮೊಂಡನೇ ಇವನು" ಎಂದ. ನನ್ನ ಮೈಯೆಲ್ಲ ಉರಿದುಹೋಯಿತು.

ವಾಪಸ್ ಬರುವಾಗ ಆನ್ ಆರ್ಬರ್ ಎಕ್ಸಿಟ್ ದಾಟಿದರೂ ಸಿಟ್ಟು ಇಳಿದಿರಲಿಲ್ಲ. "ಯಾಕೆ ಬಿಟ್ರಿ ಅಂಕಲ್? ಇಷ್ಟು ದೂರ ಬಂದಿದ್ದು ಇದಕ್ಕಾ?"

"ಅವಳಿಗೆ ಇರೋದು ಒಬ್ಬನೇ ಅಪ್ಪ. ಅವನು ಅಂಥವನು ಅಂತ ನನ್ನ ಬಾಯಿಂದ ಕೇಳ್ಬೇಕಾ ಅವಳು?"

"ಹಾಗಾದ್ರೆ ಅವನನ್ನ ಕ್ಷಮಿಸಿಬಿಟ್ರಾ?"

"ಇಲ್ಲ." ಕೋಟಿನ ಗುಂಡಿ ಬಿಚ್ಚಿಕೊಂಡರು. "ಆವತ್ತು ಮೋಸ ಮಾಡಿದ. ಇವತ್ತು ಮೋಸ ಮಾಡಿಲ್ಲ ಅಂತ ನನ್ನ ಕೈಲೇ ಹೇಳಿಸ್ಕೊಂಡ. ಇದು ಇನ್ನೂ ದೊಡ್ಡದು." ಆಮೇಲೆ ನನ್ನ ಕಡೆ ತಿರುಗಿದರು. "ಆ ಹುಡುಗಿಗೆ ಯಾವತ್ತೂ ಗೊತ್ತಾಗ್ಬಾರ್ದು. ನೀನು ಹೇಳಲ್ಲ ಅಂತ ಮಾತು ಕೊಡು." ನಾನು ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟೆ. ಮುಂದೆ ಗೆಳೆಯನ ಫೋನ್ ಬಂದರೆ ಅವರು ಎತ್ತುತ್ತಿರಲಿಲ್ಲ. ಮಗಳ ಫೋನ್ ಬಂದರೆ ಒಂದು ಗಂಟೆ ಮಾತಾಡುತ್ತಿದ್ದರು.

ಹೋದ ಚಳಿಗಾಲ ಅವರು ತೀರಿಕೊಂಡರು. ಹೃದಯ ನಿಂತಿತು, ಆಸ್ಪತ್ರೆಯವರೆಗೂ ಹೋಗಲಿಲ್ಲ. ಮಣ್ಣು ಮಾಡಿ ಬಂದು ಮಸೀದಿಯ ಹಾಲ್‌ನಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ, ಮಗಳ ಜೊತೆ ಬಂದಿದ್ದ ಗೆಳೆಯ ಎದ್ದು ನಿಂತು ಇಂಗ್ಲಿಷಿನಲ್ಲೇ ಮಾತಾಡಿದ. ಕಾಲಿಗೆ ಬಿದ್ದು ಕರೆದೆ, ಮೆಟ್ಟಿಲ ಮೇಲೆ ನಿಂತು ಗೋಗರೆದೆ, ಮೊಂಡ, ಬರಲಿಲ್ಲ ಎಂದ. ಸುಳ್ಳು ಈಗ ಬೆಳೆದು ಕಾಲಿಗೆ ಬೀಳುವಷ್ಟಾಗಿತ್ತು. ಜನ ಕಣ್ಣೊರೆಸಿಕೊಂಡರು. ನಾನು ಕುರ್ಚಿ ಹಿಂದೆ ತಳ್ಳಿದೆ. ನನ್ನ ಗಂಡ ತೋಳು ಗಟ್ಟಿಯಾಗಿ ಹಿಡಿದು, "ಬೇಡ ಕಣೇ. ಅವರು ಬೇಡ ಅಂದಿದ್ರು ತಾನೇ" ಎಂದರು. ಜೀವಮಾನದಲ್ಲಿ ಅವರು ಕೊಟ್ಟ ತೀರ್ಪುಗಳಲ್ಲಿ ನಾನು ಒಪ್ಪಿದ್ದು ಅದೊಂದೇ.

ಹೊರಡುವಾಗ ಆ ಹುಡುಗಿ ಬಂದು ನನ್ನ ಕೈ ಹಿಡಿದಳು. "ಕೊನೇಲಿ ನೀವು ಹತ್ತಿರ ಇದ್ರಿ. ನಮ್ಮಪ್ಪನ ಬಗ್ಗೆ ಏನಾದ್ರೂ ಅಂತಿದ್ರಾ?"

ಅವಳ ಹಿಂದೆಯೇ ಅವನು ನಿಂತಿದ್ದ. ನನಗೆ ಎಲ್ಲ ಗೊತ್ತಿದೆ ಎಂದು ಅವನಿಗೆ ತಿಳಿದದ್ದು ಅವನ ಕಣ್ಣಲ್ಲೇ ಕಾಣುತ್ತಿತ್ತು.

"ಜೀವದ ಗೆಳೆಯ ಅಂತಿದ್ರು," ಎಂದೆ.

ಅವನು ಎದೆಯ ಮೇಲೆ ಕೈಯಿಟ್ಟು ನನಗೆ ತಲೆ ಬಾಗಿಸಿದ. ನಾನು ಮುಖ ತಿರುಗಿಸಿಕೊಂಡು ಕಾರಿಗೆ ಹೋಗಿ ಕೂತು ಅತ್ತೆ. ಐದು ಗಂಟೆ ಪ್ರಯಾಣ ಮಾಡಿ ಹೋದ ಮನುಷ್ಯನಿಗೆ ಕೇಳಬೇಕಿದ್ದ ಎರಡು ಪದ ಕೊನೆಯವರೆಗೂ ಸಿಗಲಿಲ್ಲ. ಸಿಗದಂತೆ ನೋಡಿಕೊಂಡವರಲ್ಲಿ ಈಗ ನಾನೂ ಒಬ್ಬಳು.

ಕೊಟ್ಟ ಮಾತನ್ನು ನಾನು ಮುರಿದಿಲ್ಲ, ಮುರಿಯುವುದೂ ಇಲ್ಲ. ಆದರೆ ಲೋಕದಲ್ಲಿ ನಾಲ್ಕು ಜನಕ್ಕಾದರೂ ಇದು ತಿಳಿದಿರಲಿ ಎಂದು, ಆ ಹುಡುಗಿ ಎಂದೂ ಓದಲಾರದ ಭಾಷೆಯಲ್ಲಿ ಇಲ್ಲಿ ಬರೆದಿಡುತ್ತಿದ್ದೇನೆ. ಅವನಿಗೆ ಗೊತ್ತಿತ್ತು.