ಮಗಳಿಗೆ ಬಂದ ನೋಟಿಸು

ನಮ್ಮ ಮಗಳಿಗೆ ಆದಾಯ ತೆರಿಗೆಯವರ ನೋಟಿಸು ಬಂದ ದಿನ ನಾನು ಶಹಾಪುರದ ನಮ್ಮ ಮನೆಯ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ. ಯಜಮಾನರು ಮಿಲ್ಲಿನಿಂದ ಹೊತ್ತಿಗೆ ಮುಂಚೆಯೇ ಬಂದರು. ಚಪ್ಪಲಿಯನ್ನೂ ಬಿಡದೆ ಕಟ್ಟೆಯ ಮೇಲೆ ಕುಕ್ಕರಿಸಿ, "ಅಕಿಗಿ ನೋಟಿಸ್ ಬಂದದ," ಅಂದರು.

ಗೊತ್ತಿಲ್ಲದವರು ಕೇಳಿಸಿಕೊಂಡಿದ್ದರೆ ಇವರಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು. ನಮ್ಮ ಒಬ್ಬಳೇ ಮಗಳು ಏಳನೆಯ ತರಗತಿಯಲ್ಲಿದ್ದಾಗ ಜ್ವರ ಬಂದು ತೀರಿಕೊಂಡಳು. ನೋಟಿಸು ಬಂದದ್ದು ಅವಳ ಹೆಸರಿಟ್ಟ ಕಂಪನಿಗೆ, ಅಂದರೆ ನಮ್ಮ ತೊಗರಿಬೇಳೆ ಮಿಲ್ಲಿಗೆ. ಆದರೆ ನಮ್ಮ ಮನೆಯಲ್ಲಿ ಕಂಪನಿ ಅನ್ನುವ ಮಾತೇ ಹುಟ್ಟುತ್ತಿರಲಿಲ್ಲ. ಅಕಿ ಕರೆಂಟ್ ಬಿಲ್ಲು ಕಟ್ಟಬೇಕು, ಅಕಿಗಿ ಬ್ಯಾಂಕಿನ್ಯಾಗ ಕೆಲಸ ಅದ, ಅಕಿ ಹೆಸರು ಕೆಡಬಾರದು ಎಂದೇ ಇವರ ಮಾತು. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೋದವಳನ್ನು ಹೋಗಲು ಬಿಡದೆ ದಿನಾ ಹೊತ್ತು ತಿರುಗಿದರೆ ಹೆತ್ತವಳ ಗತಿ ಏನು ಅಂತ ಜಗಳಕ್ಕೆ ನಿಲ್ಲುತ್ತಿದ್ದೆ. ಆಮೇಲಾಮೇಲೆ ನನ್ನ ಬಾಯಲ್ಲೂ ಅದೇ ಬರತೊಡಗಿತು. ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮಿಲ್ಲಿನ ಬೋರ್ಡಿನ ಮೇಲಿದೆ, ಅಷ್ಟು ಸಾಕು.

ಇದಕ್ಕೆಲ್ಲ ಕಾರಣ ಯಾದಗಿರಿಯ ನಮ್ಮ ಆಡಿಟರು ಆಡಿದ ಒಂದು ಮಾತು. ಮಗಳು ಹೋದ ಮೇಲೆ ಇವರು ಮಿಲ್ಲು ಮುಚ್ಚುತ್ತೇನೆಂದು ಹಟ ಹಿಡಿದಿದ್ದರು. ಯಾರ ಸಲುವಾಗಿ ನಡೆಸಬೇಕು ಅನ್ನುವುದೊಂದೇ ಪ್ರಶ್ನೆ. ಸಮಾಧಾನ ಹೇಳಲು ಬಂದ ಆಡಿಟರು ಚಹಾ ಕುಡಿಯುತ್ತ, "ಸಾವ್ಕಾರ್ರ, ಮುಚ್ಚಬ್ಯಾಡ್ರಿ. ಪ್ರೈವೇಟ್ ಲಿಮಿಟೆಡ್ ಮಾಡ್ರಿ. ಕಾಯ್ದೆದಾಗ ಕಂಪನಿ ಅಂದ್ರ ಬ್ಯಾರೆ ಒಬ್ಬ ಮನುಷ್ಯ ಇದ್ದಂಗ. ಅದರ ಗಳಿಕಿ ಬ್ಯಾರೆ, ಅದರ ಟ್ಯಾಕ್ಸ್ ಬ್ಯಾರೆ. ನಾಳೆ ನೀವು ಸತ್ರೂ ಅದು ಸಾಯಂಗಿಲ್ಲ," ಅಂದರು.

ಅವರು ಪಾಪ, ಕಾಯ್ದೆ ಹೇಳಿದರು. ಇವರ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಮರುವಾರವೇ ಯಾದಗಿರಿಗೆ ಹೋಗಿ ಕೂತರು. ಕಂಪನಿಗೆ ಕೇಳಿದ ಹೆಸರು ಸಿಗದೆ ಹೋದರೆ ಇರಲಿ, ಇನ್ನೂ ಒಂದೆರಡು ಹೆಸರು ಬರೆದುಕೊಡಿ ಅಂತ ಆಡಿಟರು ಕೇಳಿದರೆ ಇವರು ಎಲ್ಲ ಕಡೆಯೂ ಅದೊಂದನ್ನೇ ಬರೆದರು. ಡೈರೆಕ್ಟರ್ ಇಬ್ಬರಾದರೂ ಬೇಕಂತೆ. ಒಬ್ಬರು ಇವರು, ಇನ್ನೊಬ್ಬಳು ನಾನು. ಸಹಿ ಮಾಡುವುದು ಬಿಟ್ಟರೆ ನನಗೇನೂ ಕೆಲಸವಿರಲಿಲ್ಲ. ಕಂಪನಿಯ ಪಾನ್ ಕಾರ್ಡ್ ಅಂಚೆಯಲ್ಲಿ ಬಂತು. ಮೇಲೆ ಮಗಳ ಹೆಸರು, ಕೆಳಗೆ ಕಂಪನಿ ಹುಟ್ಟಿದ ತಾರೀಖು. ಇವರು ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಊರೆಲ್ಲ ತಿರುಗಿದರು, ಹೊಸದಾಗಿ ತಂದೆಯಾದವರ ಹಾಗೆ. ಅದನ್ನು ನೋಡಲಾರದೆ ನಾನು ಒಳಗೆ ಹೋಗಿ ಅತ್ತೆ.

ಮೊದಲ ಸಲ ಚೆನ್ನಾಗಿ ಲಾಭ ಬಂದ ವರ್ಷ ನಮ್ಮ ಅಡಿಗೆಮನೆಯ ತಗಡು ತೂತುಬಿದ್ದು ಮಳೆ ಬಂದರೆ ಒಲೆಯ ಮೇಲೆಯೇ ಸೋರುತ್ತಿತ್ತು. ಸ್ಲ್ಯಾಬ್ ಹಾಕಿಸಬೇಕೆಂದು ನನ್ನ ಆಸೆ. ಆಡಿಟರು ದಾರಿಯನ್ನೂ ಹೇಳಿದರು. ಕಂಪನಿ ತನ್ನ ಲಾಭಕ್ಕೆ ತೆರಿಗೆ ಕಟ್ಟಿಯಾಗಿದೆ, ಉಳಿದದ್ದರಲ್ಲಿ ಒಂದಿಷ್ಟನ್ನು ಡಿವಿಡೆಂಡ್ ಅಂತ ಷೇರುದಾರರಾದ ನೀವಿಬ್ಬರು ಹಂಚಿಕೊಳ್ಳಬಹುದು, ಆದರೆ ಅದು ನಿಮ್ಮ ಆದಾಯಕ್ಕೆ ಸೇರಿ ನಿಮ್ಮ ಕೈಯಲ್ಲಿ ಮತ್ತೆ ತೆರಿಗೆ ಬೀಳುತ್ತದೆ ಅಂದರು.

"ಒಂದೇ ರೊಕ್ಕಕ್ಕ ಎರಡು ಸಲ ಯಾಕ್ರಿ?" ಎಂದು ಕೇಳಿದೆ.

"ಒಮ್ಮಿ ಕಟ್ಟಿದ್ದು ಅಕಿರಿ, ಅಕ್ಕಾರ. ಇನ್ನೊಮ್ಮಿ ಕಟ್ಟೋರು ನೀವು," ಅಂದುಬಿಟ್ಟರು ಆಡಿಟರು. ನಮ್ಮ ಜೊತೆ ಮಾತಾಡಿ ಮಾತಾಡಿ ಅವರ ಬಾಯಿಯೂ ಕೆಟ್ಟಿತ್ತು. ಅಂದ ಮೇಲೆ ಮುಖ ಕೆಂಪಗೆ ಮಾಡಿಕೊಂಡು ಕನ್ನಡಕ ಒರೆಸತೊಡಗಿದರು.

ಇವರು ಮಾತ್ರ ಸುತರಾಂ ಒಪ್ಪಲಿಲ್ಲ. ನಮ್ಮ ಕಡೆ ಮಗಳ ಮನೆಯಲ್ಲಿ ನೀರು ಕುಡಿಯಲೂ ಹಿಂದೆಮುಂದೆ ನೋಡುವ ಹಿರಿಯರಿದ್ದರು, ಇವರ ಅಪ್ಪನೂ ಅಂಥವರೇ. "ಮಗಳ ಗಳಿಕಿ ತಿನ್ನೋದಾ? ನನ್ನ ಕೈಕಾಲು ಇನ್ನಾ ಗಟ್ಟಿ ಅದಾವ," ಅಂತ ಎದ್ದೇಬಿಟ್ಟರು. ಮಿಲ್ಲಿನಲ್ಲಿ ದುಡಿದದ್ದಕ್ಕೆ ಸಂಬಳ ಅಂತ ತೆಗೆದುಕೊಳ್ಳುತ್ತಿದ್ದುದಷ್ಟೇ, ಅದರ ಮೇಲೆ ಕಾಳಷ್ಟೂ ಮುಟ್ಟಲಿಲ್ಲ. ಆ ಮಳೆಗಾಲವನ್ನು ನಾನು ಒಲೆಯ ಮೇಲೆ ಪರಾತ ಹಿಡಿದೇ ಕಳೆದೆ. ಸತ್ತ ಮಗಳು ಸಾಹುಕಾರ್ತಿ, ಬದುಕಿದ ತಾಯಿ ಸೋರುವ ಮನೆಯಲ್ಲಿ ಎಂದು ಇವರನ್ನು ಚುಚ್ಚಿದ್ದೂ ಉಂಟು. ಅವರು ತಿರುಗಿ ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ.

ಆಮೇಲೆ ನಷ್ಟದ ವರ್ಷಗಳು ಬಂದವು. ಹೊರದೇಶದ ತೊಗರಿ ಬಂದು ಇಳಿಯಿತು, ದುಬಾರಿ ದರಕ್ಕೆ ನಾವು ಕೊಂಡಿಟ್ಟ ತೊಗರಿಯ ಬೇಳೆಯನ್ನು ಕೇಳುವವರಿಲ್ಲ. ಆಡಿಟರು ಹೆದರಬೇಡಿ ಅಂದರು. ರಿಟರ್ನ್ ಅನ್ನು ಸಮಯಕ್ಕೆ ಸರಿಯಾಗಿ ಸಲ್ಲಿಸಿದರೆ ಈ ನಷ್ಟವನ್ನು ಎಂಟು ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು, ಮುಂದೆ ಲಾಭ ಬಂದಾಗ ಅದರಲ್ಲಿ ಕಳೆದುಕೊಂಡು ಉಳಿದದ್ದಕ್ಕೆ ಮಾತ್ರ ತೆರಿಗೆ ಕಟ್ಟಬಹುದು ಅಂತ ವಿವರಿಸಿದರು.

"ಎಂಟು ವರ್ಷ ಆದ ಮ್ಯಾಲ?" ಅಂದರು ಇವರು.

"ಆಮ್ಯಾಲ ಬಿಟ್ಟುಬಿಡಬೇಕ್ರಿ. ಕಾಯ್ದೆ ಅಷ್ಟ ಹೇಳ್ತದ."

ಯಾದಗಿರಿಯಿಂದ ವಾಪಸು ಬರುವಾಗ ಬಸ್ಸು ಭೀಮಾ ನದಿಯ ಸೇತುವೆ ದಾಟುತ್ತಿತ್ತು. ಇವರು ಹೊರಗೆ ನೋಡುತ್ತ, "ಎಂಟು ವರ್ಷ ಆದ್ರ ಲುಕ್ಸಾನ ಮರತುಬಿಡಬೇಕಂತ," ಅಂದರು. ನಮ್ಮ ಮಗಳು ಹೋಗಿ ಆಗಿನ್ನೂ ಅಷ್ಟು ವರ್ಷ ಆಗಿರಲಿಲ್ಲ. ನಾನು ಅವರ ಕೈ ಹಿಡಿದುಕೊಂಡು ಕೂತೆ.

ಲಾಭವಿರಲಿ ನಷ್ಟವಿರಲಿ, ಒಂದು ಮಾತ್ರ ತಪ್ಪುತ್ತಿರಲಿಲ್ಲ. ಅವಳು ತೀರಿಕೊಂಡ ತಿಂಗಳು ಬಂತೆಂದರೆ ಸುರಪುರದ ಆಚೆ ಹೊಳೆದಂಡೆಯ ಒಂದು ಮಠದ ದಾಸೋಹಕ್ಕೆ ಟೆಂಪೋ ತುಂಬ ಬೇಳೆ ಹೋಗುತ್ತಿತ್ತು. ಬಂದವರಿಗೆಲ್ಲ ಅಲ್ಲಿ ದಿನವೂ ಊಟವಿದೆ. ದಾಸೋಹಕ್ಕೆ ಕೊಟ್ಟದ್ದನ್ನು ತೂಗಬಾರದು, ಬರೆದಿಡಬಾರದು, ಕೊಟ್ಟೆ ಅಂತ ಹೇಳಿಕೊಳ್ಳಬಾರದು ಎಂದು ಇವರ ಅಪ್ಪ ಕಲಿಸಿದ್ದರು. ಇವರು ಅದನ್ನೇ ನಡೆಸಿಕೊಂಡು ಬಂದರು. ಅಪ್ಪನ ಕಾಲದಲ್ಲಿ ಮಿಲ್ಲು ಮನೆಯದು, ಯಾರೂ ಕೇಳುವವರಿರಲಿಲ್ಲ. ಈಗ ಅದು ಕಂಪನಿ, ಒಳಗೆ ಬಂದ ಕಾಳು ಹೊರಗೆ ಎಲ್ಲಿ ಹೋಯಿತೆಂಬುದಕ್ಕೆ ಉತ್ತರ ಬೇಕು ಅನ್ನುವುದು ನಮಗಿಬ್ಬರಿಗೂ ಹೊಳೆಯಲೇ ಇಲ್ಲ.

ನೋಟಿಸು ಕೇಳಿದ್ದು ಅದನ್ನೇ. ಇಷ್ಟು ತೊಗರಿ ಕೊಂಡಿದ್ದೀರಿ, ಇಷ್ಟು ಬೇಳೆ ಆಗಬೇಕಿತ್ತು, ಲೆಕ್ಕದಲ್ಲಿ ಕಡಿಮೆ ಇದೆ. ಆ ಬೇಳೆಯನ್ನು ಲೆಕ್ಕದ ಹೊರಗೆ ಮಾರಿದ್ದೀರೆಂದು ತಿಳಿದು ಯಾಕೆ ಆದಾಯಕ್ಕೆ ಸೇರಿಸಬಾರದು, ತೆರಿಗೆಯ ಜೊತೆ ದಂಡ ಯಾಕೆ ಹಾಕಬಾರದು ಅಂತ. ಈಗ ಎಲ್ಲವೂ ಕಂಪ್ಯೂಟರಿನಲ್ಲಿ, ಕೇಳಿದ ಅಧಿಕಾರಿ ಯಾವ ಊರಿನವರೋ ಗೊತ್ತಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಬರುವಂತಿರಲಿಲ್ಲ, ಕೇಳಿದ್ದು ಸರಿಯಾಗಿಯೇ ಇತ್ತು.

"ಕದ್ದು ಮಾರ್ಯಾಳಂತ," ಅಂದರು ಇವರು. ಅವತ್ತು ಊಟ ಮಾಡಲಿಲ್ಲ.

ಆಡಿಟರು ಮೊದಲು ಚೆನ್ನಾಗಿ ಬೈದರು. ದಾನ ಕೊಡುವುದಕ್ಕೂ ಒಂದು ರೀತಿಯಿದೆ, ನೋಂದಾಯಿಸಿದ ಸಂಸ್ಥೆಗೆ ಬ್ಯಾಂಕಿನ ಮೂಲಕ ಕೊಟ್ಟು ರಸೀದಿ ತರಬೇಕು, ಬೇಳೆಯನ್ನೇ ಕೊಟ್ಟರೆ ಅದು ದಾನದ ರಿಯಾಯಿತಿಗೆ ಬರುವುದಿಲ್ಲ, ಅಲ್ಲದೆ ಕಡಿಮೆ ದರದ ತೆರಿಗೆ ಬೇಕೆಂದು ಆರಿಸಿಕೊಂಡ ಕಂಪನಿಗೆ ಆ ರಿಯಾಯಿತಿಯೇ ಇಲ್ಲ ಅಂದರು. ಕೊನೆಗೆ ದನಿ ತಗ್ಗಿಸಿ, "ರಿಯಾಯಿತಿ ಹೋಗ್ಲಿ ಬಿಡ್ರಿ. ಮಾರಿಲ್ಲ, ಕೊಟ್ಟೀವಿ ಅಂತ ತೋರಸ್ಬೇಕು. ಮಠದಿಂದ ಒಂದು ಪತ್ರ ತರ್ರಿ. ಇಲ್ಲಂದ್ರ ಮಾರೀವಿ ಅಂತ ಒಪ್ಪಿ ಕಟ್ಟಿಬಿಡ್ರಿ," ಅಂದರು.

ಇವರು ಎರಡಕ್ಕೂ ಒಲ್ಲೆ ಅಂದರು. ಪತ್ರ ಕೇಳಿದರೆ ಅವಳು ಕೊಟ್ಟದ್ದು ದಾಸೋಹವಾಗಿ ಉಳಿಯುವುದಿಲ್ಲ. ಒಪ್ಪಿಕೊಂಡರೆ ಅವಳು ಕಳ್ಳಿ. ಉತ್ತರ ಕೊಡುವ ಗಡುವು ಹತ್ತಿರ ಬರುತ್ತಿತ್ತು, ಇವರು ಮಿಲ್ಲಿಗೂ ಹೋಗದೆ ಗೋಡೆ ನೋಡುತ್ತ ಕೂತಿರುತ್ತಿದ್ದರು. ಮಗಳು ಹೋದಾಗಲೂ ಹೀಗೇ ಕೂತಿದ್ದರು. ಆಗ ಈ ಕಂಪನಿಯೇ ಅವರನ್ನು ಎಬ್ಬಿಸಿತ್ತು. ಈಗ ಇದೂ ಕೈಬಿಟ್ಟರೆ ಮನುಷ್ಯ ಮತ್ತೆ ಏಳುವುದಿಲ್ಲ ಅಂತ ನನಗೆ ಭಯವಾಯಿತು. ನಾನೂ ಡೈರೆಕ್ಟರೇ ಅಲ್ಲವೇ? ಸೀರೆ ಬದಲಿಸಿ ಸುರಪುರದ ಬಸ್ಸು ಹತ್ತಿದೆ.

ಸುರಪುರದಲ್ಲಿ ಬಸ್ಸು ಬದಲಿಸಿ ಮಠ ಮುಟ್ಟಿದಾಗ ಮೊದಲ ಪಂಕ್ತಿ ಎದ್ದಿತ್ತು. ಅವತ್ತು ಅಮಾವಾಸ್ಯೆ, ಹೋಳಿಗೆಯ ಊಟ. ದಾಸೋಹ ನೋಡಿಕೊಳ್ಳುವ ಅಜ್ಜಾರು ಉಗ್ರಾಣದ ಬಾಗಿಲಲ್ಲಿ ಕೂತು ಪುಂಡಿಪಲ್ಲೆಯ ಸೊಪ್ಪು ಸೋಸುತ್ತಿದ್ದರು. ಶಹಾಪುರದಿಂದ ಪ್ರತಿ ವರ್ಷ ಬೇಳೆ ಕಳಿಸುವವರು ನಾವು, ಸರಕಾರಕ್ಕೆ ತೋರಿಸಲು ಒಂದು ಪತ್ರ ಬೇಕಿತ್ತು ಎಂದು ತಡವರಿಸುತ್ತ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಕೈ ತೊಳೆದುಕೊಂಡು ಬಂದು ಹಾಳೆ ತೆಗೆದರು.

"ಯಾರ ಹೆಸರಿಲೆ ಬರೀಲಿ, ಯವ್ವಾ?"

ಮಗಳ ಹೆಸರು ಹೇಳಿದೆ. ಅದರ ಮುಂದೆ ಪ್ರೈವೇಟ್ ಲಿಮಿಟೆಡ್ ಅನ್ನಬೇಕಿತ್ತು. ಎಷ್ಟೋ ವರ್ಷದ ಮೇಲೆ ಆ ಹೆಸರೊಂದೇ ನನ್ನ ಬಾಯಿಂದ ಬಂದಿತ್ತು, ಅದಕ್ಕೆ ಬಾಲ ಅಂಟಿಸಲು ಮನಸ್ಸಾಗಲಿಲ್ಲ.

"ಮಗಳೇನು?"

"ಹೌದ್ರಿ, ಅಜ್ಜಾರ."

"ಆರಾಮ ಅದಾಳ?"

"ಆರಾಮ ಅದಾಳ್ರಿ."

"ಏನ್ ಮಾಡ್ತಾಳ ಈಗ?"

"ಬ್ಯಾಳಿ ವ್ಯಾಪಾರ ಮಾಡ್ತಾಳ್ರಿ."

ಸುಳ್ಳು ಹೇಳುತ್ತಿದ್ದೇನೆಂದು ನನಗೆ ಅನ್ನಿಸಲೇ ಇಲ್ಲ. ಕಾಯ್ದೆಯೂ ಅದನ್ನೇ ಹೇಳುತ್ತಿತ್ತಲ್ಲ. ಅಜ್ಜಾರು ಚಿ. ಎಂದು ಬರೆದು, ಅದರ ಮುಂದೆ ಕುಮಾರಿ ಎಂದು ಬರೆದು, ಆಮೇಲೆ ಅವಳ ಹೆಸರನ್ನು ದುಂಡಗೆ ಬರೆದರು. ಚಿ. ಅಂದರೆ ಚಿರಂಜೀವಿ. ಬದುಕಿರುವ ಮಕ್ಕಳ ಹೆಸರಿಗೆ ಮಾತ್ರ ಹಾಕುವ ಅಕ್ಷರ ಅದು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತೆ.

ಹೊರಟಾಗ ಅವರು ಮುತ್ತುಗದೆಲೆಯಲ್ಲಿ ಒಂದು ಹೋಳಿಗೆ ಸುತ್ತಿ ಕೈಗಿಟ್ಟರು. "ಇದು ನಿನ್ನ ಮಗಳಿಗಿ. ಅಕಿ ಬ್ಯಾಳಿದೇ ಹೂರಣ. ಇಲ್ಲಿ ಎಲ್ಲಾರೂ ಉಂಡಾರ, ಅಕಿ ಒಂದಿನಾನೂ ಬಂದು ಉಂಡಿಲ್ಲ."

ಆ ಪತ್ರ ಕೆಲಸಕ್ಕೆ ಬರಲಿಲ್ಲ. ಕಂಪನಿಯ ಪೂರ್ತಿ ಹೆಸರಿಲ್ಲ ಎಂದು ಆಡಿಟರು ತಾವೇ ಮಠಕ್ಕೆ ಹೋಗಿ ಬೇರೆ ಪತ್ರ ತಂದರು. ತಿಂಗಳುಗಟ್ಟಲೆ ಕಾಯಿಸಿ ಬಂದ ಆದೇಶದಲ್ಲಿ, ಬೇಳೆ ಮಾರಿದ್ದಲ್ಲವೆಂದು ತೆರಿಗೆಯವರು ಒಪ್ಪಿದರು. ಆದರೆ ಅದು ವ್ಯಾಪಾರದ ಖರ್ಚೂ ಅಲ್ಲ, ರಿಯಾಯಿತಿ ಸಿಗುವ ದಾನವೂ ಅಲ್ಲವೆಂದು ಅದರ ಖರೀದಿ ಬೆಲೆಯನ್ನು ಆದಾಯಕ್ಕೆ ಸೇರಿಸಿದರು. ಕಟ್ಟಿದೆವು. ಅದೆಲ್ಲ ಆಮೇಲಿನ ಮಾತು.

ಅವತ್ತು ನಾನು ಮನೆಗೆ ಬಂದಾಗ ಇಳಿಹೊತ್ತು. ಇವರು ಕಟ್ಟೆಯ ಮೇಲೆಯೇ ಇದ್ದರು. ಎಲ್ಲಿಗೆ ಹೋಗಿದ್ದೆ ಅಂತಲೂ ಕೇಳಲಿಲ್ಲ. ಪತ್ರ ಕೊಟ್ಟೆ. ಓದುತ್ತ ಓದುತ್ತ ಮಗಳ ಹೆಸರಿಗಿಂತ ಮೊದಲಿದ್ದ ಚಿ. ಅನ್ನುವ ಅಕ್ಷರದ ಮೇಲೆ ಬೆರಳಿಟ್ಟು ಓದು ನಿಲ್ಲಿಸಿದರು.

"ನೀ ಏನ್ ಹೇಳಿದಿ ಅವರಿಗಿ?"

"ಆರಾಮ ಅದಾಳಂದೆ."

ನಾನು ಎಲೆ ಬಿಚ್ಚಿ ಅವರ ಮುಂದಿಟ್ಟೆ. "ಇದು ಅಕಿಗಿ ಕೊಟ್ಟದ್ದು. ಅಕಿ ಬ್ಯಾಳಿದೇ ಅಂತ. ಈಗ ಯಾರು ತಿನ್ನಬೇಕು, ನೀವೇ ಹೇಳ್ರಿ."

ಮಗಳದು ತಿನ್ನಬಾರದು ಅಂತ ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು ಅಗಿದರು.

"ಹೋಳಿಗಿ ಅಂದ್ರ ಅಕಿಗಿ ಜೀವ ಇತ್ತು," ಅಂದರು.

ಇತ್ತು ಅಂದರು. ಅಷ್ಟು ವರ್ಷ ಅವರ ಬಾಯಲ್ಲಿ ಅವಳ ಸಂಗತಿಯೆಲ್ಲ 'ಅದ' ಆಗಿಯೇ ಇತ್ತು, ಈಗಲೂ ಇದೆ ಅನ್ನುವ ಹಾಗೆ. ಅಂದದ್ದು ತಮ್ಮ ಕಿವಿಗೇ ಬಿದ್ದಾಗ ಅವರ ಮುಖ ಮುದುಡಿತು. ಮಗಳನ್ನು ಮಣ್ಣು ಮಾಡಿ ಬಂದ ದಿನವೂ ಅಳದೆ ಇದ್ದ ಮನುಷ್ಯ ಅಂಗಳಕ್ಕೆಲ್ಲ ಕೇಳುವ ಹಾಗೆ ಅತ್ತರು. ನಾನು ಪಕ್ಕದಲ್ಲಿ ಕೂತು ಉಳಿದ ಹೋಳಿಗೆಯನ್ನು ಎರಡು ಪಾಲು ಮಾಡಿ, ಒಂದನ್ನು ಅವರ ಕೈಗಿಟ್ಟು, ಇನ್ನೊಂದನ್ನು ನಾನು ತಿಂದೆ.