ಭಂಡಾರದ ಕೆಳಗಿನ ಬಿಳಿ ಕೂದಲು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಬೀಳಗಿಯಲ್ಲಿ ಮಕ್ಕಳ ವೈದ್ಯೆಯಾಗಿದ್ದೆ. ದೆವ್ವಗಿವ್ವ ನಂಬುವ ಪೈಕಿ ನಾನಲ್ಲ. ಆದರೂ ಬಾಡಗಂಡಿಯಿಂದ ಬಂದ ಆ ಮೂರು ತಿಂಗಳ ಹೆಣ್ಣುಕೂಸು ಕಣ್ಣು ಬಿಟ್ಟಾಗ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಎಣ್ಣೆಗಪ್ಪು ಮುಖದಲ್ಲಿ ತಿಳಿನೀಲಿ ಕಣ್ಣುಗಳು. ಅವು ನನ್ನನ್ನು ಬಿಟ್ಟು ನನ್ನ ಹೆಗಲಾಚೆ ಏನನ್ನೋ ನೆಟ್ಟು ನೋಡುತ್ತಿದ್ದವು.

ಹಿಂದೆ ನಿಂತಿದ್ದವಳು ಕೂಸಿನ ಅಜ್ಜಿ ಲಗಮವ್ವ. "ನಮ್ಮ ಮನ್ಯಾಗ ಇಂಥಾ ಕಣ್ಣ ಯಾರಿಗೂ ಇಲ್ರಿ ಬಾಯಾರ. ಅಮಾಸಿ ಆಗ್ಲಿ, ಸೊಸಿನ್ನೂ ಕೂಸನ್ನೂ ತವರಿಗೆ ಕಳಸ್ತೀವಿ," ಎಂದಳು. ಕಳಿಸಿದರೆ ಮತ್ತೆ ಕರೆತರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಸೊಸೆ ರೇಣವ್ವ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ನರ್ಸಿನ ಕೈಜಾರಿ ಸ್ಟೀಲ್ ಟ್ರೇ ನೆಲಕ್ಕೆ ಬಿತ್ತು. ಎಲ್ಲರೂ ಬೆಚ್ಚಿದೆವು, ಕೂಸು ಬೆಚ್ಚಲಿಲ್ಲ. ಬಾಗಿಲಲ್ಲಿ ನಿಂತು ಬಲಗಿವಿಯನ್ನೇ ನಮ್ಮತ್ತ ಒಡ್ಡಿದ್ದ ತಂದೆ ಬೀರಪ್ಪನನ್ನು ಎಡಗಡೆಗೆ ಹೋಗಿ ಮೆಲ್ಲಗೆ ಕರೆದೆ. ಅವನೂ ತಿರುಗಲಿಲ್ಲ.

"ಅವ್ರಿಗೆ ಆ ಕಿವಿ ಹುಟ್ಟಿದಾಗಿಂದ ಕೇಳಂಗಿಲ್ರಿ," ರೇಣವ್ವ ಮೊದಲ ಬಾರಿ ಬಾಯಿಬಿಟ್ಟಳು.

ನೀಲಿ ಕಣ್ಣು, ಹುಟ್ಟುಗಿವುಡು, ಮುಂದಲೆಯಲ್ಲಿ ಬಿಳಿ ಕೂದಲು: ಇವೆಲ್ಲ ಒಂದೇ ಜೀನಿನ ದೋಷದಿಂದ ಬರಬಹುದು. ರಿಸೆಸಿವ್, ಅಂದರೆ ಅಪ್ರಬಲ ಗುಣ ಕಾಣಿಸಿಕೊಳ್ಳಲು ತಂದೆತಾಯಿ ಇಬ್ಬರಿಂದಲೂ ಬರಬೇಕು. ಇದು ಸಾಮಾನ್ಯವಾಗಿ ಡಾಮಿನಂಟ್, ಅಂದರೆ ಪ್ರಬಲ ಗುಣ; ಒಬ್ಬರಿಂದ ಬಂದರೂ ಸಾಕು. ಪ್ರಬಲವೆಂದ ಮಾತ್ರಕ್ಕೆ ಎಲ್ಲರಲ್ಲೂ ಒಂದೇ ಸಮ ಕಾಣುವುದಿಲ್ಲ. ಒಬ್ಬರಿಗೆ ಕಿವಿ, ಇನ್ನೊಬ್ಬರಿಗೆ ಕಣ್ಣು.

ಕೂಸಿಗೆ ಬೀರಪ್ಪನಿಂದ ಬಂದಿದ್ದರೆ, ಬೀರಪ್ಪನಿಗೆ ಯಾರಿಂದ? ನಾನು ಲಗಮವ್ವನ ಕಡೆ ತಿರುಗಿದೆ. ಬೀರೇಶ್ವರನ ಭಕ್ತರು ದೇವರ ಅರಿಸಿನವಾದ ಭಂಡಾರವನ್ನು ಹಣೆಗೆ ಹಚ್ಚುತ್ತಾರೆ. ಈಕೆ ಮುಂದಲೆಗೂ ದಪ್ಪಗೆ ಮೆತ್ತಿಕೊಂಡಿದ್ದಳು. ಕೂಸು ಅದನ್ನೇ ನೋಡುತ್ತಿತ್ತು.

"ಅವ್ವಾರ, ಆ ಭಂಡಾರ ಸ್ವಲ್ಪ ಒರಸ್ಕೋತೀರೇನ್ರಿ?"

ಅವಳ ಕೈ ತಲೆಗೆ ಹೋಗಿ ಅಲ್ಲೇ ನಿಂತಿತು. "ಯಾರಿಗೂ ತೋರಸಬ್ಯಾಡ ಅಂತ ನಮ್ಮವ್ವ ಆಣಿ ಹಾಕಿದ್ಲ್ರಿ. ಅಕಿ ಮಾರಿ ನೋಡಿದ್ರ ಕೇಡು ಅಂತ ಊರಾಗ ಯಾರೂ ಎದುರಿಗೆ ಬರತಿದ್ದಿಲ್ಲ."

"ಅಕಿ ಕಣ್ಣ ಹೆಂಗಿದ್ವು?"

ಲಗಮವ್ವ ಕೂಸನ್ನು ನೋಡಿದಳು. "ಹುಟ್ಟಿದ ದಿನಾನ ನಾ ಗುರ್ತ ಹಿಡದೇನ್ರಿ. ನಮ್ಮವ್ವಾನ ಹೊಳ್ಳಿ ಬಂದಾಳ ಅಂತ ಅಂಜಿದೆ."

ನನಗೆ ಸಿಟ್ಟು ಬಂತು. ತಿಳಿದೂ ತಿಳಿದೂ ತಪ್ಪನ್ನು ಸೊಸೆಯ ತಲೆಗೆ ಕಟ್ಟಿದ್ದಳು.

ಲಗಮವ್ವ ತಾನೇ ನಲ್ಲಿಯ ಕೆಳಗೆ ತಲೆ ಒಡ್ಡಿದಳು. ಹಳದಿ ನೀರು ಹರಿದು, ಕಪ್ಪು ಕೂದಲಿನ ನಡುವೆ ಬೆಳ್ಳನೆಯ ಪಟ್ಟಿ ಎದ್ದಿತು. ಬೀರಪ್ಪ ತಾಯಿಯ ತಲೆಯನ್ನು ಭಂಡಾರವಿಲ್ಲದೆ ಅಂದೇ ಮೊದಲು ನೋಡಿದ್ದು.

ಅಮಾವಾಸ್ಯೆ ಕಳೆಯಿತು, ರೇಣವ್ವ ಹೋಗಲಿಲ್ಲ. ಕೂಸಿಗೆ ಶ್ರವಣ ಸಾಧನ ಹಾಕಿಸಲು ಲಗಮವ್ವನೇ ಎತ್ತಿಕೊಂಡು ಬಂದಳು, ಭಂಡಾರ ಹಣೆಗಷ್ಟೇ ಹಚ್ಚಿ. ಅಂದಿನಿಂದ ನಾನು "ನಮ್ಮ ಮನೆಯಲ್ಲಿ ಇಲ್ಲ" ಎಂದು ಗಟ್ಟಿಯಾಗಿ ಹೇಳುವವರನ್ನೇ ಮೊದಲು ಪರೀಕ್ಷಿಸುತ್ತಿದ್ದೆ.