ಅನಸವ್ವ ಸುತ್ತಿದ ಕಾಯಿಲ್

ಬನಹಟ್ಟಿಯ ಅನಸವ್ವ ಮೂವತ್ತೊಂದು ವರ್ಷದಿಂದ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಚಿಮ್ಮಡದಿಂದ ಲಗ್ನವಾಗಿ ಬಂದ ವಾರಕ್ಕೇ ಅತ್ತೆ ಅವಳನ್ನು ರಾಟೆಯ ಮುಂದೆ ಕೂರಿಸಿದ್ದಳು. ಈಗ ರಾಟೆಗೆ ಮೋಟರು ಬಂದಿತ್ತು, ಅತ್ತೆ ತೀರಿಕೊಂಡಿದ್ದಳು, ಮಗ್ಗದ ಸದ್ದಿಗೆ ಅನಸವ್ವನ ಎಡಗಿವಿ ಮುಕ್ಕಾಲು ಹೋಗಿತ್ತು. ಅದರಿಂದ ಅಂಥ ತೊಂದರೆಯೇನೂ ಇಲ್ಲವೆಂದು ಅವಳ ಅಭಿಪ್ರಾಯ. ಗಂಡ ಕಾಶಪ್ಪ ಸಾಮಾನ್ಯವಾಗಿ ಎಡಕ್ಕೇ ಕೂರುತ್ತಿದ್ದ.

ಸೊಸೆ ಉಜ್ವಲಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮಕ್ಕಳಿಗೆ ತೋರಿಸಲು ಅವಳು ಮನೆಯಲ್ಲೇ ಒಂದು ಸ್ಪೀಕರ್ ಮಾಡಬೇಕಿತ್ತು. ಒಂದು ರವಿವಾರ ಕೂದಲೆಳೆಯಂಥ ತಾಮ್ರದ ತಂತಿಯನ್ನು ಉಂಗುರದಂಥ ಕಾಯಿಲ್ ಆಗಿ ಸುತ್ತಿ, ಕಾಗದದ ಚಹಾ ಕಪ್ಪಿನ ತಳಕ್ಕೆ ಅಂಟಿಸಿ, ಕೆಳಗೆ ಆಯಸ್ಕಾಂತ ಇಟ್ಟಳು. ಮಾವನ ಹಳೆಯ ರೇಡಿಯೊದ ಸ್ಪೀಕರ್ ಹರಿದುಹೋಗಿತ್ತು. ಅದರ ಎರಡು ವಯರುಗಳಿಗೆ ತಂತಿಯ ತುದಿಗಳನ್ನು ಜೋಡಿಸಿದಳು. ಕಪ್ಪು ಮಾತಾಡಲಿಲ್ಲ. ತುದಿಗಳನ್ನು ಬ್ಲೇಡಿನಿಂದ ಕೆರೆದಳು, ಸೆಲ್ಲು ಬದಲಿಸಿದಳು. ಮಧ್ಯಾಹ್ನದವರೆಗೂ ಕಪ್ಪು ಮಾತಾಡಲಿಲ್ಲ.

ಊಟಕ್ಕೆ ಕರೆಯಲು ಬಂದ ಅನಸವ್ವ ಬಗ್ಗಿ ನೋಡಿದಳು.

"ಇದನ್ನ ಯಾರ ಸುತ್ತ್ಯಾರ?"

"ನಾನ ರೀ, ಅತ್ತಿ."

"ಹಂಗ ಕಾಣತೈತಿ."

ಅಲ್ಲೇ ಕೂತು ಅನಸವ್ವ ಕಾಯಿಲನ್ನು ಸುತ್ತುಸುತ್ತಾಗಿ ಬಿಚ್ಚತೊಡಗಿದಳು. ಅರ್ಧಕ್ಕೆ ಬಂದಾಗ ಬೆರಳು ನಿಂತಿತು.

"ನಡುವ ಕಡದಿತ್ತೇನ?"

"ಹೌದ್ರಿ. ತುದಿ ಕೆರದು ಗಂಟ ಹಾಕಿ ಮತ್ತ ಸುತ್ತಿದೆ."

"ಅರ್ಧ ಬಲಕ್ಕ ಸುತ್ತೀದಿ, ಅರ್ಧ ಎಡಕ್ಕ ಸುತ್ತೀದಿ. ಕಂಡಕಿ ಹಿಂಗ ಸುತ್ತಿದ್ರ ನೂಲು ಹರೀತೈತಿ. ತಂತಿಗೆ ಏನಾಗತೈತೋ ನನಗ ಗೊತ್ತಿಲ್ಲ."

ಉಜ್ವಲಾಗೆ ಗೊತ್ತಿತ್ತು. ಹಿಂದಿನ ವಾರವಷ್ಟೇ ಅದೇ ಪಾಠ ಮಾಡಿದ್ದಳು. ಅರ್ಧ ಬಿಚ್ಚಿದ ಕಾಯಿಲಿನತ್ತ ಬೆರಳು ತೋರಿಸಿ ಹೇಳಿದಳು: "ಕರೆಂಟ್ ಹರದ್ರ ಈ ಸುತ್ತೂ ಆಯಸ್ಕಾಂತ ಆಗತೈತ್ರಿ. ಕರೆಂಟ್ ದಿಕ್ಕು ಬದಲಾದಂಗ ಒಮ್ಮಿ ಕೆಳಗಿನ ಆಯಸ್ಕಾಂತದ ಕಡೆ ಜಗ್ಗತೈತಿ, ಒಮ್ಮಿ ದೂರ ನೂಕತೈತಿ. ಸೆಕೆಂಡಿಗೆ ನೂರಾರು ಸಲ. ಅದರ ಕೂಡ ಕಪ್ ಅಲಗತೈತಿ, ಕಪ್ಪಿನ ಕೂಡ ಗಾಳಿ ಅಲಗತೈತಿ. ಅದ ಸಪ್ಪಳ."

"ಮತ್ತ ಇದ್ಯಾಕ ಸುಮ್ಮನದ?"

"ಅರ್ಧ ಸುತ್ತು ಜಗ್ಗಿದ್ರ ಇನ್ನರ್ಧ ನೂಕತಾವ್ರಿ. ಎಲ್ಲಾ ಕೂಡಿ ಏನೂ ಇಲ್ಲ."

"ನಮ್ಮ ಮನಿತನ ಇದ್ದಂಗ," ಎಂದಳು ಅನಸವ್ವ.

ಹೊಸ ತಂತಿ ತೆಗೆದುಕೊಂಡು ಅವಳೇ ಸುತ್ತಿದಳು. ಎಂಬತ್ತು ಸುತ್ತು, ಒಂದೇ ದಿಕ್ಕು, ಒಂದರ ಪಕ್ಕ ಒಂದು. ಜೋಡಿಸಿದ ಕೂಡಲೇ ಕಪ್ಪಿನೊಳಗೆ ಒಬ್ಬ ಮನುಷ್ಯ ಅರಿಶಿಣದ ಎಲೆಚುಕ್ಕೆ ರೋಗದ ಬಗ್ಗೆ ಮಾತಾಡತೊಡಗಿದ. ಅನಸವ್ವನಿಗೆ ಸರಿಯಾಗಿ ಕೇಳಲಿಲ್ಲ. ಕಪ್ಪಿನ ಅಂಚಿಗೆ ಬೆರಳು ಮುಟ್ಟಿಸಿದಳು. ಬೆರಳ ತುದಿ ಸಣ್ಣಗೆ ಜುಮ್ಮೆಂದಿತು. ಅವರು ಅರಿಶಿಣ ಬೆಳೆಯುವವರಲ್ಲ. ಆದರೂ ಆತ ಔಷಧದ ಅಳತೆ ಹೇಳಿ ಮುಗಿಸುವವರೆಗೆ ಅವಳು ಬೆರಳು ತೆಗೆಯಲಿಲ್ಲ.

ಮಂಗಳವಾರ ಉಜ್ವಲಾ ಅತ್ತೆಯನ್ನೂ ರೇಡಿಯೊವನ್ನೂ ಕಪ್ಪನ್ನೂ ಸಾಲೆಗೆ ಕರೆದೊಯ್ದಳು. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟಿದ್ದ ಅನಸವ್ವ ಕರಿಹಲಗೆಯ ಪಕ್ಕ ಸೆರಗು ಹೊದ್ದು ನಿಂತು, ಸುತ್ತಿನ ದಿಕ್ಕು ಯಾಕೆ ತಪ್ಪಬಾರದೆಂದು ಹೇಳಿದಳು. ಕಾಂಚನಾ ಎಂಬ ಹುಡುಗಿ ಎದ್ದು ಕೇಳಿದಳು.

"ಕರೆಂಟ್ ಕೊಟ್ರ ಕಪ್ ಅಲಗತೈತಿ. ನಾವ ಕಪ್ ಅಲಗಿಸಿದ್ರ ಕರೆಂಟ್ ಬರತೈತೇನ್ರಿ?"

ಅನಸವ್ವ ಸೊಸೆಯ ಮುಖ ನೋಡಿದಳು. ಉಜ್ವಲಾ ಕಪಾಟಿನಿಂದ, ಕರೆಂಟ್ ಹರಿದರೆ ಸೂಜಿ ಅಲುಗುವ ಮೀಟರ್ ತಂದು ರೇಡಿಯೊದ ಬದಲು ಅದಕ್ಕೆ ತಂತಿ ಜೋಡಿಸಿದಳು. ಅನಸವ್ವ ಕಪ್ಪನ್ನು ಥಟ್ಟನೆ ಒತ್ತಿದಳು. ಸೂಜಿ ಒಂದು ಕೂದಲಿನಷ್ಟು ಆ ಕಡೆ ಹೋಯಿತು. ಬಿಟ್ಟಳು; ಈ ಕಡೆ ಬಂತು.

"ಬರತೈತಿ," ಎಂದಳು. ಕಾಂಚನಾ ಕೂತಳು.

ಮೂವತ್ತೆಂಟು ಮಕ್ಕಳೂ ಒತ್ತಿ ನೋಡಿದ ಮೇಲೆ ಕಪ್ಪು ಕಪ್ಪಾಗಿ ಉಳಿದಿರಲಿಲ್ಲ. ಮುಂದಿನ ವಾರ ಪ್ರತಿಯೊಬ್ಬರೂ ತಮ್ಮ ತಮ್ಮದನ್ನು ಮಾಡಿ ತಂದರು. ಹನ್ನೊಂದು ಮಾತಾಡಿದವು. ಉಳಿದ ಇಪ್ಪತ್ತೇಳನ್ನು ಅನಸವ್ವ ಮುಂದೆ ಕೂತು ಬಿಚ್ಚಿಸಿದಳು.